ಮೈಗೆ ಹತ್ತದ ಎಣ್ಣೆ

ಅಥಣಿ ತಾಲ್ಲೂಕಿನ ನಮ್ಮ ಅನಂತಪುರದ ಮನೆಯಲ್ಲಿ ಅಡುಗೆಗೆ ಕುಸುಬೆ ಎಣ್ಣೆ, ಇಲ್ಲವೇ ಶೇಂಗಾ ಎಣ್ಣೆ. ಕೊಬ್ಬರಿ ಎಣ್ಣೆ ತಲೆಗೆ ಹಚ್ಚುವ ವಸ್ತುವೇ ಹೊರತು ಬಾಯಿಗೆ ಅದರ ಪ್ರವೇಶವಿರಲಿಲ್ಲ. ಕಳೆದ ದೀಪಾವಳಿಗೆ ಊರಿಗೆ ಹೋದಾಗ ಕಾಕಾ ಬೆಳಗಿನ ಚಹಾಕ್ಕೆ ಎರಡು ಚಮಚ ಕೊಬ್ಬರಿ ಎಣ್ಣೆ ಸುರಿದುಕೊಳ್ಳುತ್ತಿದ್ದುದನ್ನು ಕಂಡು ಬೆರಗಾದೆ. ‘ಇದು ಮೈಗೆ ಹತ್ತೂದಿಲ್ಲೋ ತಮ್ಮಾ. ಸೀದಾ ಲಿವರಿಗೆ ಹೋಗಿ ಸುಟ್ಟ ಹೋಗತೈತಿ’ ಎಂದರು. ಎರಡು ವರ್ಷಗಳ ಹಿಂದೆ ಮಿರಜದಲ್ಲಿ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಅವರು. ಮೊಬೈಲಿಗೆ ಬಂದ ಭಾಷಣವೊಂದನ್ನು ನಂಬಿ ಕೊಲೆಸ್ಟರಾಲಿನ ಮಾತ್ರೆಯನ್ನೂ ಬಿಟ್ಟಿದ್ದರು.

ಕಾಕಾ ಹೇಳಿದ್ದು ಪೂರ್ತಿ ಸುಳ್ಳಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು.

ಕೊಬ್ಬಿನಾಮ್ಲವೆಂದರೆ ಇಂಗಾಲದ ಪರಮಾಣುಗಳ ಸರಪಳಿ. ನಾವು ನಿತ್ಯ ತಿನ್ನುವ ಎಣ್ಣೆಗಳಲ್ಲಿ ಈ ಸರಪಳಿ ಉದ್ದ: 16, 18 ಇಂಗಾಲ. ಅವು ಕರಗಲು ಪಿತ್ತರಸ ಬೇಕು. ಕರುಳಿನ ಗೋಡೆಯೊಳಗೆ ಸೇರಿದ ಮೇಲೆ ಅವು ಮತ್ತೆ ಕೊಬ್ಬಾಗಿ ಹೆಣೆದುಕೊಂಡು, ಪ್ರೋಟೀನಿನ ಹೊದಿಕೆ ತೊಟ್ಟು, ದುಗ್ಧರಸದ ನಾಳಗಳಲ್ಲಿ ಸಾಗಿ, ಕತ್ತಿನ ಬುಡದಲ್ಲಿ ರಕ್ತವನ್ನು ಸೇರುತ್ತವೆ. ಯಕೃತ್ತನ್ನು ಮುಟ್ಟುವ ಮೊದಲೇ ಸ್ನಾಯುಗಳೂ ಕೊಬ್ಬಿನ ಕೋಶಗಳೂ ತಮ್ಮ ಪಾಲು ತೆಗೆದುಕೊಂಡಿರುತ್ತವೆ.

8 ಇಂಗಾಲದ ಕ್ಯಾಪ್ರಿಲಿಕ್ ಮತ್ತು 10 ಇಂಗಾಲದ ಕ್ಯಾಪ್ರಿಕ್ ಆಮ್ಲಗಳ ದಾರಿಯೇ ಬೇರೆ. (ಎರಡು ಹೆಸರುಗಳಿಗೂ ಮೂಲ ಲ್ಯಾಟಿನಿನ ‘ಕಾಪ್ರಾ’, ಅಂದರೆ ಆಡು. ಆಡಿನ ಹಾಲಿನ ಕೊಬ್ಬಿನಲ್ಲಿ ಇವು ಹಸುವಿನ ಹಾಲಿಗಿಂತ ಹೆಚ್ಚು. ಆ ವಾಸನೆಯಲ್ಲಿಯೂ ಇವುಗಳ ಪಾಲಿದೆ. ಆಡು ಸಾಕುವ ನಮ್ಮೂರಿಗೆ ಇವು ತೀರ ಅಪರಿಚಿತವಲ್ಲ.) ಇವಕ್ಕೆ ಪಿತ್ತರಸದ ಹಂಗು ಕಡಿಮೆ. ಬಹುಪಾಲು ಕರುಳಿನ ರಕ್ತನಾಳದಿಂದ ನೇರವಾಗಿ ಯಕೃತ್ತಿಗೆ ಹೋಗುತ್ತವೆ. ಉದ್ದ ಸರಪಳಿಗಳು ಕೋಶದ ಉರಿಗೂಡಾದ ಮೈಟೋಕಾಂಡ್ರಿಯಾ ಹೊಗಲು ಕಾರ್ನಿಟಿನ್ ಎಂಬ ಸಾಗಣೆಗಾರನನ್ನು ಕಾಯಬೇಕು. ಯಕೃತ್ತಿನಲ್ಲಿ ಇವು ಹಾಗೆ ಕಾಯದೆ ಒಳಹೊಕ್ಕು ಬೇಗ ಉರಿಯುತ್ತವೆ. ಒಂದಿಷ್ಟು ಕೀಟೋನ್ ಆಗಿ ಮಿದುಳಿಗೂ ಇಂಧನವಾಗುತ್ತದೆ.

ಈ ಗುಣವನ್ನು ವೈದ್ಯಕೀಯ ಚೆನ್ನಾಗಿ ಬಳಸಿಕೊಂಡಿದೆ. ಕೊಬ್ಬರಿ ಎಣ್ಣೆ ಮತ್ತು ತಾಳೆಬೀಜದ ಎಣ್ಣೆಗಳಿಂದ 8 ಮತ್ತು 10ರ ಸರಪಳಿಗಳನ್ನಷ್ಟೇ ಬೇರ್ಪಡಿಸಿ ತಯಾರಿಸಿದ ಎಣ್ಣೆ 1950ರ ದಶಕದಲ್ಲಿ ಬಂದಿತು. ಪಿತ್ತನಾಳ ಮುಚ್ಚಿದ ಶಿಶುಗಳಿಗೆ, ದುಗ್ಧರಸ ಸೋರುವ ರೋಗಿಗಳಿಗೆ ಅದೇ ಆಧಾರ. ಅಮೆರಿಕದ ಮಕ್ಕಳ ನರರೋಗತಜ್ಞ ಪೀಟರ್ ಹಟನ್‌ಲೋಕರ್ 1971ರಲ್ಲಿ ಇದನ್ನು ಮೂರ್ಛೆರೋಗದ ಮಕ್ಕಳ ಪಥ್ಯದಲ್ಲಿ ಬಳಸಿದರು. ಹಾಗೆಂದು ಅದು ಲೆಕ್ಕಕ್ಕೆ ಸಿಗದ ಕೊಬ್ಬೇನಲ್ಲ: ಗ್ರಾಮಿಗೆ 9ರ ಬದಲು ಸುಮಾರು 8.3 ಕ್ಯಾಲೊರಿ, ಅಷ್ಟೇ.

ಕಾಕಾನ ಚಹಾದಲ್ಲಿದ್ದುದು ಆ ಎಣ್ಣೆಯಲ್ಲ. ಕೊಬ್ಬರಿ ಎಣ್ಣೆಯಲ್ಲಿ 8 ಮತ್ತು 10ರ ಸರಪಳಿಗಳು ಶೇ 15ರ ಆಸುಪಾಸು ಮಾತ್ರ. ಹೆಚ್ಚುಕಡಿಮೆ ಅರ್ಧದಷ್ಟು 12 ಇಂಗಾಲದ ಲಾರಿಕ್ ಆಮ್ಲ. ರಸಾಯನಶಾಸ್ತ್ರದ ಪುಸ್ತಕ ಇದನ್ನೂ ‘ಮಧ್ಯಮ’ ಎಂದೇ ವಿಂಗಡಿಸುತ್ತದೆ. ಕರುಳು ಆ ಪುಸ್ತಕವನ್ನು ಓದಿಲ್ಲ. ಲಾರಿಕ್ ಆಮ್ಲದ ಹೆಚ್ಚಿನ ಭಾಗ ಉದ್ದ ಸರಪಳಿಗಳ ಜೊತೆ ದುಗ್ಧರಸದ ದಾರಿಯನ್ನೇ ಹಿಡಿಯುತ್ತದೆ, ಕೆಟ್ಟದ್ದೆನ್ನುವ ಎಲ್‌ಡಿಎಲ್ ಕೊಲೆಸ್ಟರಾಲನ್ನೂ ಏರಿಸುತ್ತದೆ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2017ರಲ್ಲಿ ಕೊಬ್ಬರಿ ಎಣ್ಣೆ ಬೇಡವೆಂದು ಸಲಹೆ ನೀಡಿದ್ದು ಈ ಕಾರಣಕ್ಕೆ. ಶುದ್ಧೀಕರಿಸಿದ ಎಣ್ಣೆಯ ಪ್ರಯೋಗಗಳ ಫಲವನ್ನು ಇಡೀ ಕೊಬ್ಬರಿ ಎಣ್ಣೆಯ ಖಾತೆಗೆ ಜಮಾ ಮಾಡಿದ್ದೇ ಆ ಭಾಷಣದ ಕೈಚಳಕ. ಕರಾವಳಿಯವರು ಮೀನು, ಸೊಪ್ಪು, ಕುಚ್ಚಲಕ್ಕಿಯ ಜೊತೆ ಇದನ್ನು ಉಣ್ಣುವುದು ಬೇರೆಯ ಮಾತು.

ಕಾಗದದ ಮೇಲೆ ಮೂರು ಗೆರೆ ಎಳೆದು ಕಾಕಾನಿಗೆ ಇಷ್ಟನ್ನೂ ತೋರಿಸಿದೆ. ‘ಎರಡು ಇಂಗಾಲಕ್ಕ ಇಷ್ಟು ಫರಕ್ಕೇನು?’ ಎಂದು ನಕ್ಕರು. ಆದರೂ ಮುಂದಿನ ವಾರ ಮಿರಜಕ್ಕೆ ಬಂದರು. ರಕ್ತಪರೀಕ್ಷೆಯಲ್ಲಿ ಎಲ್‌ಡಿಎಲ್ ಏರಿತ್ತು. ಅದರಲ್ಲಿ ಎಣ್ಣೆಯ ಪಾಲೆಷ್ಟು, ಮಾತ್ರೆ ಬಿಟ್ಟದ್ದರ ಪಾಲೆಷ್ಟು ಎಂದು ಬಿಡಿಸಿ ಹೇಳಲಾಗದು ಎಂದ ವೈದ್ಯರು ಮಾತ್ರೆಯನ್ನು ಮತ್ತೆ ಬರೆದುಕೊಟ್ಟರು. ಕಾಕು ಎಣ್ಣೆಯ ಬಾಟಲಿಯನ್ನು ಕನ್ನಡಿಯ ಪಕ್ಕದ ಗೂಡಿಗೆ ಮರಳಿಸಿದ್ದಾರೆ.