ಮಸಿ ಬಳಿದ ಮುಖಕ್ಕೆ ಊರ ರಂಗದ ಉತ್ತರ

ಫೆಬ್ರವರಿ ಬಂತು ಅಂದ್ರೆ ಅಮೆರಿಕದ ಊರೂರುಗಳಲ್ಲಿ, ಕಾಲೇಜುಗಳಲ್ಲಿ ಕಪ್ಪು ಜನರ ಇತಿಹಾಸವನ್ನು ನೆನೆಯುವ ತಿಂಗಳು ಶುರುವಾಗುತ್ತೆ. ಭಾಷಣ, ಸಂಗೀತ, ಪುಸ್ತಕ ಪ್ರದರ್ಶನ ಎಲ್ಲಾ ಇರುತ್ತೆ. ಇದರ ಜೊತೆಗೆ ಕಾಲೇಜು ಸಭಾಂಗಣದಲ್ಲೋ ಚರ್ಚಿನ ಪಕ್ಕದ ಹಾಲ್‌ನಲ್ಲೋ ಊರಿನವರೇ ಸೇರಿ ಆಡುವ ನಾಟಕಗಳೂ ಇರುತ್ತವೆ. ಒಂದು ಜನಾಂಗ ತನ್ನ ಚರಿತ್ರೆ ಹೇಳಿಕೊಳ್ಳೋಕೆ ಇಂಥ ಸಣ್ಣ ರಂಗವನ್ನು ಯಾಕೆ ಹಿಡಿಯಿತು? ಇವತ್ತಿನ ಪ್ರಶ್ನೆ ಇದು.

ಮೊದಲು ಆ ತಿಂಗಳ ಲೆಕ್ಕ ನೋಡೋಣ. 1926ರಲ್ಲಿ ಕಾರ್ಟರ್ ವುಡ್ಸನ್ ಎಂಬ ಇತಿಹಾಸಕಾರ ಫೆಬ್ರವರಿಯ ಎರಡನೇ ವಾರವನ್ನು ಕಪ್ಪು ಜನರ ಇತಿಹಾಸದ ವಾರ ಅಂತ ಆಚರಣೆಗೆ ತಂದರು. ಈತನ ತಂದೆ-ತಾಯಿ ಗುಲಾಮರಾಗಿ ಬದುಕಿದ್ದವರು. ಅಬ್ರಹಾಂ ಲಿಂಕನ್ ಹುಟ್ಟಿದ ದಿನ, ಗುಲಾಮಗಿರಿ ವಿರುದ್ಧ ಹೋರಾಡಿದ ಫ್ರೆಡರಿಕ್ ಡಗ್ಲಸ್ ಅವರ ಜನ್ಮದಿನವೆಂದು ಆಚರಿಸುವ ದಿನ, ಎರಡೂ ಆ ವಾರದಲ್ಲೇ ಬರುತ್ತವೆ. 1970ರಲ್ಲಿ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದ ಕಪ್ಪು ವಿದ್ಯಾರ್ಥಿಗಳು ವಾರವನ್ನು ತಿಂಗಳಿಗೆ ಹಿಗ್ಗಿಸಿದರು. 1976ರಲ್ಲಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಅದಕ್ಕೆ ಸರ್ಕಾರದ ಮನ್ನಣೆ ಕೊಟ್ಟರು. ಅಂದ್ರೆ ವೈಟ್ ಹೌಸ್‌ಗೆ ಹೊಳೆಯೋದಕ್ಕೆ ಆರು ವರ್ಷ ಮೊದಲೇ ಕಾಲೇಜು ಹುಡುಗರು ಮಾಡಿ ತೋರಿಸಿದ್ದರು.

ಈಗ ನಾಟಕದ ವಿಷಯಕ್ಕೆ ಬರೋಣ. ಅಮೆರಿಕದಲ್ಲಿ ಕಪ್ಪು ಜನರಿಗೆ ದೊಡ್ಡ ಅವಮಾನ ಆಗಿದ್ದೇ ರಂಗದ ಮೇಲೆ. 1830ರ ಸುಮಾರಿಗೆ ಥಾಮಸ್ ರೈಸ್ ಎಂಬ ಬಿಳಿಯ ನಟ ಮುಖಕ್ಕೆ ಮಸಿ ಬಳಿದುಕೊಂಡು, ಹರಿದ ಬಟ್ಟೆ ಹಾಕಿ, ಕುಣಿದು ಜನರನ್ನು ನಗಿಸಿದ. ಆ ಪಾತ್ರದ ಹೆಸರು ‘ಜಿಮ್ ಕ್ರೋ’. ಅದು ಎಷ್ಟು ಜನಪ್ರಿಯ ಆಯ್ತು ಅಂದ್ರೆ, ಮುಂದೆ ಕಪ್ಪು ಜನರನ್ನು ರೈಲಿನಲ್ಲಿ, ಶಾಲೆಯಲ್ಲಿ, ಹೋಟೆಲಿನಲ್ಲಿ ಬೇರೆ ಕೂರಿಸುವ ಕಾನೂನುಗಳಿಗೂ ಜನ ಅದೇ ಹೆಸರು ಹಿಡಿದು ಕರೆದರು. ಒಂದು ಹಾಸ್ಯ ಪಾತ್ರದ ಹೆಸರು ಕಾನೂನಿನ ಹೆಸರಾಯ್ತು ನೋಡಿ. ಕಪ್ಪು ಮನುಷ್ಯ ಅಂದ್ರೆ ಪೆದ್ದ, ಸೋಮಾರಿ, ನಗೆಪಾಟಲು ಅಂತ ದಶಕಗಳ ಕಾಲ ಟಿಕೆಟ್ ಕೊಟ್ಟು ನೋಡಿದ ದೇಶಕ್ಕೆ, ಅವನನ್ನು ಬೇರೆ ಕೂರಿಸೋದು ಅನ್ಯಾಯ ಅಂತ ಅನ್ನಿಸಲಿಲ್ಲ.

ಹಾಗಾದ್ರೆ ಕಪ್ಪು ಜನ ತಾವೇ ನಾಟಕ ಆಡಲಿಲ್ಲವೇ? ಆಡಿದರು. 1821ರಲ್ಲೇ ನ್ಯೂಯಾರ್ಕಿನಲ್ಲಿ ವಿಲಿಯಂ ಬ್ರೌನ್ ಎಂಬುವರು ‘ಆಫ್ರಿಕನ್ ಗ್ರೋವ್’ ರಂಗಮಂದಿರ ಕಟ್ಟಿ, ಕಪ್ಪು ನಟರಿಂದ ಷೇಕ್ಸ್‌ಪಿಯರ್ ಆಡಿಸಿದರು. ಆ ರಾಜ್ಯದಲ್ಲಿ ಗುಲಾಮಗಿರಿ ಇನ್ನೂ ಪೂರ್ತಿ ಹೋಗಿರಲಿಲ್ಲ. ಅದು ಕೊನೆಗೊಂಡಿದ್ದು 1827ರಲ್ಲಿ. ಬಿಳಿಯರ ಗಲಾಟೆ, ಪೊಲೀಸರ ಕಾಟ ಎರಡೂ ಸೇರಿ ಕೆಲವೇ ವರ್ಷಗಳಲ್ಲಿ ಆ ರಂಗ ಮುಚ್ಚಿತು. ದೊಡ್ಡ ಬಾಗಿಲು ಹೀಗೆ ಮುಚ್ಚಿದಾಗ ಉಳಿದದ್ದು ಊರಿನ ಹಾಲ್, ಶಾಲೆ, ಕಾಲೇಜು.

1916ರಲ್ಲಿ ವಾಷಿಂಗ್ಟನ್ನಿನ ಶಿಕ್ಷಕರ ತರಬೇತಿ ಶಾಲೆಯೊಂದರಲ್ಲಿ ‘ರೇಚಲ್’ ನಾಟಕ ನಡೆಯಿತು. ಬರೆದವರು ಆಂಜೆಲಿನಾ ವೆಲ್ಡ್ ಗ್ರಿಮ್ಕೆ ಎಂಬ ಕಪ್ಪು ಲೇಖಕಿ. ಆಡಿಸಿದ್ದು ನಾಗರಿಕ ಹಕ್ಕುಗಳ ಸಂಸ್ಥೆ ಎನ್‌ಎಎಸಿಪಿ. ಗುಂಪು ಸೇರಿ ಕಪ್ಪು ಜನರನ್ನು ಹೊಡೆದು ನೇಣು ಹಾಕುತ್ತಿದ್ದ ಕಾಲ ಅದು. ಇಂಥ ದೇಶದಲ್ಲಿ ನಾನು ಮಗು ಹೆರಬೇಕೇ ಅಂತ ಕೇಳುವ ಹೆಣ್ಣಿನ ಕಥೆ ಈ ನಾಟಕದ್ದು. ನಗಿಸುವ ಪಾತ್ರವಾಗಿ ಮಾತ್ರ ಕಂಡಿದ್ದ ಜನ ಇಲ್ಲಿ ತಾಯಿಯಾಗಿ, ಮಗಳಾಗಿ, ಮನೆಯೊಳಗಿನ ಮನುಷ್ಯರಾಗಿ ಕಂಡರು.

ಅದೇ ಕಾಲದಲ್ಲಿ ಕ್ಲೀವ್‌ಲ್ಯಾಂಡ್ ಊರಲ್ಲಿ ಇನ್ನೊಂದು ಕೆಲಸ ಶುರುವಾಗಿತ್ತು. 1915ರಲ್ಲಿ ಕಾಲೇಜು ಓದಿ ಮುಗಿಸಿದ್ದ ರಸೆಲ್ ಮತ್ತು ರೊವೀನಾ ಜೆಲಿಫ್ ಎಂಬ ಬಿಳಿಯ ದಂಪತಿ ಬಡ ಬಡಾವಣೆಯೊಂದರಲ್ಲಿ ಸಮುದಾಯ ಕೇಂದ್ರ ತೆರೆದರು. ಅಕ್ಕಪಕ್ಕದ ಕಪ್ಪು ಜನ ಅಲ್ಲಿ ನಾಟಕದ ತಂಡ ಕಟ್ಟಿದರು. ಖ್ಯಾತ ನಟ ಚಾರ್ಲ್ಸ್ ಗಿಲ್ಪಿನ್ ಅವರ ಹೆಸರನ್ನೇ ತಂಡಕ್ಕೆ ಇಟ್ಟುಕೊಂಡರು. ಮುಂದೆ ಆ ಜಾಗಕ್ಕೆ ‘ಕರಾಮು’ ಅಂತ ಹೆಸರು ಬಂತು. ಸ್ವಾಹಿಲಿ ಭಾಷೆಯಲ್ಲಿ ಇದರ ಅರ್ಥ ಎಲ್ಲರೂ ಸೇರುವ ಹಬ್ಬದೂಟ. ಆ ಊರಲ್ಲಿ ಹೈಸ್ಕೂಲು ಓದುತ್ತಿದ್ದ ಒಬ್ಬ ಹುಡುಗ ಈ ಕೇಂದ್ರಕ್ಕೆ ಬರುತ್ತಿದ್ದ. ದೊಡ್ಡ ಕವಿಯಾದ ಮೇಲೆ ತನ್ನ ಹಲವು ನಾಟಕಗಳನ್ನು ಇದೇ ತಂಡಕ್ಕೆ ಕೊಟ್ಟ. ಹೆಸರು ಲ್ಯಾಂಗ್‌ಸ್ಟನ್ ಹ್ಯೂಸ್. 1939ರಲ್ಲಿ ರಂಗಮಂದಿರ ಬೆಂಕಿಗೆ ಸುಟ್ಟುಹೋಯಿತು. ಹತ್ತು ವರ್ಷ ಬಿಟ್ಟು, 1949ರಲ್ಲಿ, ಹೊಸ ಕಟ್ಟಡ ಎದ್ದಿತು. ಕರಾಮು ಇವತ್ತಿಗೂ ಇದೆ.

ಕಾಲೇಜು ರಂಗದ ಕಥೆ ಬೇಕಾದರೆ ವಾಷಿಂಗ್ಟನ್ನಿನ ಹೊವಾರ್ಡ್ ವಿಶ್ವವಿದ್ಯಾಲಯಕ್ಕೆ ಹೋಗಬೇಕು. ಅಲ್ಲಿ ಪ್ರಾಧ್ಯಾಪಕರಾದ ಮಾಂಟ್‌ಗೊಮೆರಿ ಗ್ರೆಗರಿ, ಅಲೆನ್ ಲಾಕ್ ಅವರು ವಿದ್ಯಾರ್ಥಿಗಳಿಂದಲೇ ‘ಹೊವಾರ್ಡ್ ಪ್ಲೇಯರ್ಸ್’ ತಂಡ ಕಟ್ಟಿದರು. ಅದೇ ಊರಲ್ಲಿ ನ್ಯಾಷನಲ್ ಥಿಯೇಟರ್ ಎಂಬ ದೊಡ್ಡ ರಂಗಮಂದಿರ ಇತ್ತು. ಕಪ್ಪು ಪ್ರೇಕ್ಷಕರಿಗೆ ಪ್ರವೇಶ ಇಲ್ಲ. ಹೀಗಿದ್ದರೆ ನಾವು ಆಡಲ್ಲ ಅಂತ ನಟರ ಸಂಘ ಪಟ್ಟು ಹಿಡಿದಾಗ, ಮಾಲೀಕರು ಬಾಗಿಲು ತೆರೆಯುವ ಬದಲು 1948ರಲ್ಲಿ ನಾಟಕವನ್ನೇ ನಿಲ್ಲಿಸಿ ಸಿನಿಮಾ ಹಾಕಿದರು! 1949ರಲ್ಲಿ ಹೊವಾರ್ಡ್ ವಿದ್ಯಾರ್ಥಿಗಳು ನಾರ್ವೆ ಸರ್ಕಾರದ ಆಹ್ವಾನದ ಮೇಲೆ ಯುರೋಪಿಗೆ ಹೋಗಿ, ನಾರ್ವೆಯವನೇ ಆದ ಇಬ್ಸೆನ್ ಬರೆದ ನಾಟಕವನ್ನು ಅಲ್ಲಿಯವರ ಮುಂದೆ ಆಡಿ ಬಂದರು. ನಾರ್ವೆ ಕೈಬೀಸಿ ಕರೆದ ಹುಡುಗರು ತಮ್ಮ ಊರಿನ ಆ ರಂಗಮಂದಿರದಲ್ಲಿ ಟಿಕೆಟ್ ತಗೊಂಡು ಕೂರುವಂತಿರಲಿಲ್ಲ. ಎಲ್ಲರಿಗೂ ಅದು ತೆರೆದದ್ದು 1952ರಲ್ಲಿ.

ಈ ಎರಡೂ ಧಾರೆಗಳು, ಅಂದ್ರೆ ಊರು ಮತ್ತು ಕಾಲೇಜು, ಒಂದಾಗಿದ್ದು ಮಿಸಿಸಿಪ್ಪಿಯಲ್ಲಿ. 1963ರಲ್ಲಿ ಅಲ್ಲಿನ ಟುಗಲೂ ಕಾಲೇಜಿನಲ್ಲಿ ಡೋರಿಸ್ ಡರ್ಬಿ, ಗಿಲ್ಬರ್ಟ್ ಮೋಸಸ್, ಜಾನ್ ಓನೀಲ್ ಎಂಬ ಯುವಕ-ಯುವತಿಯರು ‘ಫ್ರೀ ಸದರ್ನ್ ಥಿಯೇಟರ್’ ಶುರು ಮಾಡಿದರು. ಟಿಕೆಟ್ ಇಲ್ಲ, ಎಲ್ಲರಿಗೂ ಉಚಿತ. 1964ರ ಬೇಸಿಗೆಯಲ್ಲಿ ಆ ರಾಜ್ಯದಲ್ಲಿ ಕಪ್ಪು ಜನರನ್ನು ಮತದಾರರ ಪಟ್ಟಿಗೆ ಸೇರಿಸುವ ಚಳವಳಿ ನಡೆದಿತ್ತು. ಅದರ ಮೂವರು ಕಾರ್ಯಕರ್ತರ ಕೊಲೆಯೂ ಆಗಿತ್ತು. ಅಂಥ ಹೊತ್ತಲ್ಲಿ ಈ ತಂಡ ಊರೂರು ಸುತ್ತಿತು. ಹಳೆಯ ಪತ್ರ, ದಿನಚರಿ, ದಾಖಲೆಗಳಿಂದ ಕಟ್ಟಿದ ‘ಇನ್ ವೈಟ್ ಅಮೆರಿಕಾ’ ನಾಟಕ ಆಡಿತು. ಶಾಲೆಯ ಪಾಠದಲ್ಲಿ ಇಲ್ಲದ ತಮ್ಮ ಚರಿತ್ರೆಯನ್ನು ಜನ ಅಲ್ಲಿ ಕೇಳಿದರು.

ಇದೇ ತಂಡ ಬೆಕೆಟ್‌ನ ‘ವೇಟಿಂಗ್ ಫಾರ್ ಗೋಡೋ’ ಕೂಡ ಆಡಿತು. ಯಾರಿಗೋ ಕಾಯುತ್ತಾ ಕೂತ ಇಬ್ಬರ ಕಥೆ. ಪಂಡಿತರೇ ತಲೆ ಕೆರೆದುಕೊಳ್ಳುವ ನಾಟಕ ಹೊಲದಲ್ಲಿ ದುಡಿಯುವವರಿಗೆ ಅರ್ಥ ಆಗುತ್ತಾ? ಪ್ರೇಕ್ಷಕರಲ್ಲಿ ಫ್ಯಾನಿ ಲೂ ಹ್ಯಾಮರ್ ಇದ್ದರು. ಹತ್ತಿ ಬಿಡಿಸುತ್ತಿದ್ದ ಹೆಂಗಸು. ಮತದಾರಳಾಗಲು ಹೋದ ತಪ್ಪಿಗೆ ದುಡಿಯುತ್ತಿದ್ದ ತೋಟದಿಂದ ಹೊರಬಿದ್ದವರು, ಜೈಲಲ್ಲಿ ಏಟು ತಿಂದವರು. ಆ ಯಮ್ಮ ಹೇಳಿದ ಮಾತಿನ ಸಾರ ಇಷ್ಟು: ನಾವು ಇವರ ಹಾಗೆ ಯಾರೋ ತಂದುಕೊಡ್ತಾರೆ ಅಂತ ಕಾಯ್ತಾ ಕೂರೋರಲ್ಲ, ನಮಗೆ ಬೇಕಾದ್ದನ್ನ ನಾವೇ ಹೋಗಿ ಪಡೀತೀವಿ.

ನಾನು ಓದಿದ್ದು ಎಂಜಿನಿಯರಿಂಗ್. ಅಲ್ಲಿ ಓಪನ್ ಲೂಪ್, ಕ್ಲೋಸ್ಡ್ ಲೂಪ್ ಅಂತ ಪಾಠ ಬರುತ್ತೆ. ಹೊರಗೆ ಹೋದ ಸಿಗ್ನಲ್ ಏನು ಪರಿಣಾಮ ಮಾಡಿತು ಅನ್ನೋದು ವಾಪಸ್ ಬಂದರೆ ಅದು ಕ್ಲೋಸ್ಡ್, ಬರದಿದ್ದರೆ ಓಪನ್. ನಮ್ಮ ಟಿವಿ ಬಹುಮಟ್ಟಿಗೆ ಓಪನ್ ಲೂಪ್. ನಾನು ಇಲ್ಲಿ ಮಾತಾಡ್ತೀನಿ, ನೀವು ಅಲ್ಲಿ ಏನಂದ್ರಿ ಅಂತ ನನಗೆ ಕೇಳಲ್ಲ. ಊರಿನ ನಾಟಕದಲ್ಲಿ ಎದುರು ಕೂತವಳು ಹ್ಯಾಮರ್. ತಪ್ಪು ಹೇಳಿದರೆ ಅಲ್ಲೇ ತಿದ್ದುತ್ತಾಳೆ. ಫ್ರೀ ಸದರ್ನ್ ತಂಡ ಆಟ ಮುಗಿದ ಮೇಲಿನ ಚರ್ಚೆಯನ್ನೂ ಪ್ರದರ್ಶನದ ಭಾಗ ಅಂತಲೇ ಇಟ್ಟುಕೊಂಡಿದ್ದು ಇದಕ್ಕೇ.

ಇನ್ನೂ ಒಂದು ಲಾಭ ಇದೆ. 1968ರಲ್ಲಿ ಪಿಟ್ಸ್‌ಬರ್ಗ್‌ನ ಹಿಲ್ ಡಿಸ್ಟ್ರಿಕ್ಟ್ ಎಂಬ ಕಪ್ಪು ಜನರ ಬಡಾವಣೆಯಲ್ಲಿ ಇಬ್ಬರು ಗೆಳೆಯರು ‘ಬ್ಲ್ಯಾಕ್ ಹೊರೈಜನ್ಸ್’ ಎಂಬ ತಂಡ ಕಟ್ಟಿದರು. ಒಬ್ಬರು ರಾಬ್ ಪೆನ್ನಿ. ಇನ್ನೊಬ್ಬರು ಹೈಸ್ಕೂಲು ಬಿಟ್ಟು ಲೈಬ್ರರಿಯಲ್ಲಿ ಓದಿಕೊಂಡಿದ್ದ ಆಗಸ್ಟ್ ವಿಲ್ಸನ್. ಇದೇ ವಿಲ್ಸನ್ ಮುಂದೆ 20ನೇ ಶತಮಾನದ ಪ್ರತಿ ದಶಕಕ್ಕೊಂದರಂತೆ 10 ನಾಟಕ ಬರೆದರು, 1987 ಮತ್ತು 1990ರಲ್ಲಿ ಎರಡು ಪುಲಿಟ್ಜರ್ ಪಡೆದರು. ಹತ್ತರಲ್ಲಿ ಒಂಬತ್ತು ನಾಟಕ ನಡೆಯೋದು ಅದೇ ಬಡಾವಣೆಯಲ್ಲಿ. ಬ್ರಾಡ್‌ವೇಗೆ ಹೋದರೂ ಅವರು ಹೊತ್ತುಕೊಂಡು ಹೋದದ್ದು ತಮ್ಮ ಬೀದಿಯನ್ನೇ.

ನಮಗೂ ಇದಕ್ಕೂ ಸಂಬಂಧ ಇದೆಯಾ? ಇದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿಗಳಿದ್ದಾರೆ. ಅವರ ಹಿರಿಯರು ಆಫ್ರಿಕಾದವರು, ಹಲವರು ಗುಲಾಮರಾಗಿ ಸಮುದ್ರ ದಾಟಿ ಬಂದವರು. ಯಲ್ಲಾಪುರ ತಾಲೂಕಿನ ಮಂಚಿಕೇರಿಯಲ್ಲಿ ನಿರ್ದೇಶಕ ಚಿದಂಬರರಾವ್ ಜಂಬೆ ಸಿದ್ದಿಗಳನ್ನೇ ನಟರಾಗಿ ಸೇರಿಸಿಕೊಂಡು, ನೈಜೀರಿಯಾದ ಚಿನುವಾ ಅಚೆಬೆಯ ಕಾದಂಬರಿಯನ್ನು ‘ಕಪ್ಪು ಜನ ಕೆಂಪು ನೆರಳು’ ಎಂಬ ನಾಟಕವಾಗಿ ಆಡಿಸಿದರು. ಆಫ್ರಿಕಾದ ಹಳ್ಳಿಯೊಂದಕ್ಕೆ ಪರಕೀಯರು ಬಂದು, ಅಲ್ಲಿನ ಬದುಕು ಒಡೆದು ಹೋದ ಕಥೆಯನ್ನು ಆಫ್ರಿಕಾದ ವಂಶಸ್ಥರು ಕನ್ನಡದಲ್ಲಿ ಆಡಿದರು. ಇದು ಅಮೆರಿಕದ ನಕಲಲ್ಲ. ಬೇರೆ ಬೇರೆ ಸಮುದ್ರ ದಾಟಿದ ಒಂದೇ ಖಂಡದ ಜನ ತಂತಮ್ಮ ಊರಲ್ಲಿ ಹಿಡಿದ ಒಂದೇ ದಾರಿ.

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಅಷ್ಟು ಹೆಸರು ಮಾಡಿದ ಫ್ರೀ ಸದರ್ನ್ ಥಿಯೇಟರ್ ಕೂಡ ಉಳಿಯಲಿಲ್ಲ. ಹಣ ಇಲ್ಲದೆ ಸೊರಗಿ 1980ರ ಹೊತ್ತಿಗೆ ನಿಂತುಹೋಯಿತು. 1985ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಅದರ ಬಳಗದವರು ಸೇರಿ, ಮನುಷ್ಯನಿಗೆ ಮಾಡುವ ಹಾಗೆ, ಅದಕ್ಕೊಂದು ಅಂತ್ಯಸಂಸ್ಕಾರವನ್ನೇ ಮಾಡಿದರು. ಊರಿನ ರಂಗಕ್ಕೆ ದೊಡ್ಡ ಬಂಡವಾಳ ಬೇಡ ನಿಜ, ಆದರೆ ಹಾಲ್ ಬಾಡಿಗೆ, ದೀಪದ ಖರ್ಚು, ತಾಲೀಮಿಗೆ ಜಾಗ ಬೇಕೇ ಬೇಕು. ನಿಮ್ಮೂರಿನ ಕಾಲೇಜಿನಲ್ಲೋ ಶಾಲೆ ಹಾಲ್‌ನಲ್ಲೋ ಯಾರಾದರೂ ತಮ್ಮ ಕೇರಿಯ ಕಥೆ ಆಡ್ತೀವಿ ಅಂತ ಬಂದರೆ, ಒಂದು ಕುರ್ಚಿ ಹಿಡಿದು ಕೂತು ನೋಡಿ. ಮುಗಿದ ಮೇಲೆ ಎದ್ದು ಹೋಗಬೇಡಿ, ಮಾತಾಡಿಸಿ. ಆ ಕೆಲಸ ಟಿವಿಯಿಂದ ಆಗೋದಲ್ಲ.