ಹಳೆಯ ಕಂಪ್ಯೂಟರಿಗೆ ಬೆಲೆ ಕಟ್ಟುವ ಮುನ್ನ

ಹೊಳಲ್ಕೆರೆ, ಹೊಸದುರ್ಗಗಳ ಅಡಿಕೆ ಬೆಳೆಗಾರನಿಗೆ ಕಾಯಿಯ ಹೊರಬಣ್ಣವನ್ನಷ್ಟೇ ನೋಡಿ ಬೆಲೆ ಕಟ್ಟಲಾಗದೆಂಬುದು ತಿಳಿದಿದೆಯಾದರೂ, ಅದೇ ಊರುಗಳಲ್ಲಿ ಸೆಕೆಂಡ್‌ ಹ್ಯಾಂಡ್‌ ಲ್ಯಾಪ್‌ಟಾಪಿನ ವ್ಯಾಪಾರ ಸಾಮಾನ್ಯವಾಗಿ ಅದರ ಹೊರಮೈ ನೋಡಿಯೇ ಕುದುರುತ್ತದೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ಕೊನೆಗೊಂಡ ಬಳಿಕ, ವಿಂಡೋಸ್ 11ರ ಷರತ್ತುಗಳಿಗೆ ಹೊಂದದ ಯಂತ್ರಗಳನ್ನು ಇಟ್ಟುಕೊಳ್ಳಬೇಕೋ ಮಾರಬೇಕೋ ಎಂಬ ಪ್ರಶ್ನೆ ಎಷ್ಟೋ ಮನೆಗಳ ಮುಂದಿದೆ. ಅದಕ್ಕೆ ಉತ್ತರ ಕೊಡಬಲ್ಲ ಸಾಧನಗಳು ಕಾಸಿನ ಖರ್ಚಿಲ್ಲದೆ ದೊರೆಯುತ್ತವೆ.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಪ್ರೊಸೆಸರಿನ ವಿವರ ತೋರಿಸುವ ಸಿಪಿಯು-ಝಡ್‌ನಂತಹ ತಂತ್ರಾಂಶಗಳು ಬೆಲೆಯಿಲ್ಲದೆ ಸಿಗುತ್ತವೆಯಾದರೂ ಅವುಗಳ ಮೂಲಸಂಕೇತ, ಅಂದರೆ ತಂತ್ರಾಂಶವನ್ನು ಬರೆದ ಆದೇಶಗಳ ಪಠ್ಯ, ಸಾರ್ವಜನಿಕರಿಗೆ ತೆರೆದಿಲ್ಲ. ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದವುಗಳನ್ನು ಸ್ವತಂತ್ರ ತಂತ್ರಾಂಶ ಎನ್ನುತ್ತಾರೆ. ಅಳತೆಯ ವಿಷಯದಲ್ಲಿ ಎರಡನೆಯದೇ ಮೇಲು, ಏಕೆಂದರೆ ತಕ್ಕಡಿ ಹೇಗೆ ತೂಗುತ್ತದೆಂಬುದು ಕೊಳ್ಳುವವನಿಗೂ ಮಾರುವವನಿಗೂ ಒಂದೇ ರೀತಿಯಲ್ಲಿ ಕಾಣುವಂತಿರಬೇಕು.

ತಾತ್ಕಾಲಿಕ ಸ್ಮೃತಿಯಾದ ರಾಮ್‌ನ ಪರೀಕ್ಷೆಗೆ ಮೆಮ್‌ಟೆಸ್ಟ್86+ ಇದೆ. ಇದನ್ನು ಪೆನ್‌ಡ್ರೈವಿಗೆ ಹಾಕಿ ಅದರಿಂದಲೇ ಕಂಪ್ಯೂಟರನ್ನು ಆರಂಭಿಸಿದರೆ, ಸ್ಮೃತಿಯ ಕೋಶಗಳಲ್ಲಿ ನಾನಾ ವಿನ್ಯಾಸದ ಅಂಕಿಗಳನ್ನು ಬರೆದು, ಮರಳಿ ಓದಿ, ಎರಡನ್ನೂ ತಾಳೆ ನೋಡುತ್ತದೆ. ಒಂದೇ ಒಂದು ತಪ್ಪು ಕಂಡರೂ ಆ ಯಂತ್ರವನ್ನು ಹಾಗೆಯೇ ನೆಚ್ಚಿಕೊಳ್ಳುವಂತಿಲ್ಲ. ಡಿಸ್ಕು ತನ್ನ ಸ್ಥಿತಿಯನ್ನು ತಾನೇ ದಾಖಲಿಸಿಕೊಳ್ಳುವ ವ್ಯವಸ್ಥೆಗೆ ಸ್ಮಾರ್ಟ್ ಎಂಬ ಹೆಸರಿದ್ದು, ಆ ದಾಖಲೆಯನ್ನು ಜಿಸ್ಮಾರ್ಟ್‌ಕಂಟ್ರೋಲ್ ಓದಿ ತೋರಿಸುತ್ತದೆ. ಹಾರ್ಡ್‌ ಡಿಸ್ಕಿನ ಪಟ್ಟಿಯಲ್ಲಿ 5ನೆಯ ಸಂಖ್ಯೆಯ ಅಂಶ, ಕೆಟ್ಟದ್ದರಿಂದ ಬದಲಿ ಜಾಗಕ್ಕೆ ಸಾಗಿಸಲ್ಪಟ್ಟ ಭಾಗಗಳ ಲೆಕ್ಕ. ಅದು ವಾರದಿಂದ ವಾರಕ್ಕೆ ಏರುತ್ತಿದ್ದರೆ ಡಿಸ್ಕಿನ ಆಯುಸ್ಸು ಮುಗಿಯುತ್ತ ಬಂತೆಂದೇ ತಿಳಿಯಬೇಕು. ಏರದಿದ್ದರೂ ನಿಶ್ಚಿಂತೆಯಿಲ್ಲ: 2007ರಲ್ಲಿ ಗೂಗಲ್‌ನ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ, ಕೆಟ್ಟುಹೋದ ಡಿಸ್ಕುಗಳ ಪೈಕಿ ಶೇಕಡ 36ಕ್ಕಿಂತ ಹೆಚ್ಚಿನವು ಈ ದಾಖಲೆಯಲ್ಲಿ ಯಾವ ದೋಷವನ್ನೂ ತೋರಿಸಿರಲಿಲ್ಲ.

ವೇಗದ ಅಳತೆಯನ್ನು ಬೆಂಚ್‌ಮಾರ್ಕ್ ಎನ್ನುತ್ತಾರೆ. ಒಂದೇ ಕೆಲಸವನ್ನು ಬೇರೆ ಬೇರೆ ಯಂತ್ರಗಳಿಂದ ಮಾಡಿಸಿ ಹೋಲಿಸುವುದು ಇದರ ತಿರುಳು. ಚಳ್ಳಕೆರೆ ಬಳಿಯ ಕುದಾಪುರದಲ್ಲಿ ಎರಡನೆಯ ಆವರಣವನ್ನು ಹೊಂದಿರುವ ಭಾರತೀಯ ವಿಜ್ಞಾನ ಸಂಸ್ಥೆಯು 2022ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ 3.3 ಪೆಟಾಫ್ಲಾಪ್ಸ್ ಸಾಮರ್ಥ್ಯದ ಪರಮ್ ಪ್ರವೇಗದಂತಹ ಮಹಾಗಣಕಗಳನ್ನು ಜಗತ್ತಿನಾದ್ಯಂತ ಹೋಲಿಸಲು ಬಳಸುವ ಲಿನ್‌ಪ್ಯಾಕ್ ಪರೀಕ್ಷೆಯ ತಂತ್ರಾಂಶವೂ ಮುಕ್ತವಾಗಿಯೇ ದೊರೆಯುತ್ತದೆ. ಮನೆಯ ಕಂಪ್ಯೂಟರಿಗೆ ಅಷ್ಟು ಬೇಡ. ಕಡತಗಳನ್ನು ಕುಗ್ಗಿಸಿಡುವ 7-ಜಿಪ್‌ನೊಳಗೇ ಇರುವ ಬೆಂಚ್‌ಮಾರ್ಕ್ ಸಾಕು.

ಆದರೆ ಬಯಲುಸೀಮೆಯಲ್ಲಿ ಬೆಂಚ್‌ಮಾರ್ಕ್ ಕೊಡುವ ಅಂಕವೊಂದನ್ನೇ ನೋಡಿದರೆ ಮೋಸಹೋದಂತೆ. ಪ್ರೊಸೆಸರ್ ಮಿತಿಮೀರಿ ಕಾದಾಗ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ಫ್ಯಾನಿನ ಸಂದಿಗಳಲ್ಲಿ ಧೂಳು ಕಟ್ಟಿಕೊಂಡು, ಏಪ್ರಿಲ್ ತಿಂಗಳ ಚಿತ್ರದುರ್ಗದ ಬಿಸಿಲೂ ಸೇರಿಕೊಂಡರೆ ಒಳಗಿನ ಬಿಸಿ ಹೊರಹೋಗಲು ದಾರಿಯಿಲ್ಲದೆ ಚೆನ್ನಾಗಿರುವ ಯಂತ್ರವೂ ಮುದಿಯಂತೆ ತೆವಳುತ್ತದೆ. ಆದ್ದರಿಂದ ಪರೀಕ್ಷೆಯನ್ನು ಕಾಲು ಗಂಟೆಯಾದರೂ ಬಿಡದೆ ನಡೆಸಿ, ಜೊತೆಗೆ ಲಿಬ್ರೆ ಹಾರ್ಡ್‌ವೇರ್ ಮಾನಿಟರ್‌ನಲ್ಲಿ ಉಷ್ಣಾಂಶವನ್ನು ಗಮನಿಸಬೇಕು. ಮೊದಲು ಬಂದ ಅಂಕ ಬಿಸಿಯೇರಿದಂತೆ ಇಳಿಯುತ್ತ ಹೋದರೆ, ಬದಲಿಸಬೇಕಾದದ್ದು ಕಂಪ್ಯೂಟರಲ್ಲ. ಧೂಳು ತೆಗೆದು, ಪ್ರೊಸೆಸರಿನ ಶಾಖ ಸಾಗಿಸುವ ಪೇಸ್ಟನ್ನು ಹೊಸದಾಗಿ ಹಚ್ಚಿಸಿ, ಮತ್ತೊಮ್ಮೆ ಅಳೆದು ನೋಡಬೇಕು.

ಈ ಪರೀಕ್ಷೆಗಳ ಫಲಿತಾಂಶ ಏನೇ ಬರಲಿ, ಮಕ್ಕಳ ಅಂಕಪಟ್ಟಿ, ಜಮೀನಿನ ಪತ್ರ, ಮನೆಯ ಫೋಟೊಗಳ ಇನ್ನೊಂದು ಪ್ರತಿಯನ್ನು ಓದುಗರು ಇಂದೇ ಬೇರೊಂದು ಡಿಸ್ಕಿನಲ್ಲಿ ಇಟ್ಟುಕೊಳ್ಳಲಿ.