ಆಟದಿಂದ ಇಂಗ್ಲಿಷ್: ಬೆಂಗಳೂರಿನಲ್ಲೇ ನಡೆದ ಪ್ರಯೋಗ

ಇಂಗ್ಲಿಷ್ ಕಲಿಸುವ ಆಟವೆಂದರೆ ಹಾಡು, ಚಪ್ಪಾಳೆ, ಚಿತ್ರದ ಕಾರ್ಡುಗಳು ಎಂಬ ಭಾವನೆ ಸಾಮಾನ್ಯವಾಗಿದೆ. ಇವುಗಳಿಂದ ತರಗತಿಗೆ ಕಳೆ ಬರುತ್ತದೆ, ನಿಜ. ಆದರೆ ಭಾಷೆ ಮೈಗೂಡುವುದು ಮಾತಿಲ್ಲದೆ ಮುಂದೆ ಸಾಗದ ಆಟದಲ್ಲಿ. ಒಬ್ಬರ ಬಳಿ ಇರುವ ಮಾಹಿತಿ ಇನ್ನೊಬ್ಬರಿಗೆ ಬೇಕಾಗಿರಬೇಕು. ಕೇಳದೆ ಅದು ಸಿಗಬಾರದು.

ಇದಕ್ಕೆ ಹತ್ತಿರದ ವಿಚಾರವೊಂದನ್ನು ಗಟ್ಟಿಯಾಗಿ ಪರೀಕ್ಷಿಸಿದ್ದು ಬೆಂಗಳೂರಿನ ಹೆಸರಿನಲ್ಲೇ ಜಗತ್ತಿಗೆ ಪರಿಚಿತವಾದ 'ಬೆಂಗಳೂರು ಪ್ರಾಜೆಕ್ಟ್'. 1979ರಲ್ಲಿ ಎನ್. ಎಸ್. ಪ್ರಭು ಅವರ ನೇತೃತ್ವದಲ್ಲಿ ಆರಂಭವಾದ ಇದು ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ 1984ರವರೆಗೆ ನಡೆಯಿತು. ಇದಕ್ಕೆ ನೆಲೆಯಾದದ್ದು ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ. ಈಗ ಜ್ಞಾನಭಾರತಿ ಆವರಣದಲ್ಲಿರುವ ಈ ಸಂಸ್ಥೆ ಬೆಂಗಳೂರಿನ ವಿಜಯನಗರದ ಮಾರೇನಹಳ್ಳಿಯಿಂದ ಹೆಚ್ಚು ದೂರವೇನಿಲ್ಲ. ಪ್ರಾಜೆಕ್ಟ್‌ನ ತರಗತಿಗಳಲ್ಲಿ ವ್ಯಾಕರಣ ಸೂತ್ರಗಳ ಬಾಯಿಪಾಠವಿರಲಿಲ್ಲ. ರೈಲಿನ ವೇಳಾಪಟ್ಟಿ, ನಕ್ಷೆ ಇವೇ ಪಾಠದ ಸಾಮಗ್ರಿ. ಒಂದು ಒಗಟಿನಂಥ ಕೆಲಸವನ್ನು ಮೊದಲು ಮೇಷ್ಟ್ರು ಇಡೀ ತರಗತಿಯ ಜೊತೆ ಪ್ರಶ್ನೋತ್ತರ ಮಾಡುತ್ತಾ ಬಿಡಿಸುವರು. ಬಳಿಕ ಅಂಥದೇ ಇನ್ನೊಂದನ್ನು ಪ್ರತಿ ಮಗುವೂ ತಾನೇ ಬಿಡಿಸಬೇಕು. ಮಗುವಿನ ಗಮನವೆಲ್ಲ ಉತ್ತರದ ಮೇಲಿರುವಾಗ ಭಾಷೆ ತಾನಾಗಿ ಒಳಗಿಳಿಯುತ್ತದೆ ಎಂಬುದು ಪ್ರಭು ಅವರ ನಂಬಿಕೆ. 1987ರಲ್ಲಿ ಬಂದ ಅವರ ಪುಸ್ತಕ ಇದನ್ನು ಹೊರದೇಶಗಳಿಗೂ ತಲುಪಿಸಿತು.

ಇದೇ ತತ್ವವನ್ನು ಮಾರೇನಹಳ್ಳಿಯ ಮಕ್ಕಳ ಜೊತೆ ಆಡಿಸಲು ಹೆಚ್ಚೇನೂ ಬೇಡ. ಮೆಟ್ರೋದ ನೇರಳೆ ಮಾರ್ಗದ ಚಿತ್ರದ ಎರಡು ಪ್ರತಿ ಸಾಕು. ಒಂದರಲ್ಲಿ ಅತ್ತಿಗುಪ್ಪೆಯಂಥ ಕೆಲವು, ಇನ್ನೊಂದರಲ್ಲಿ ಹೊಸಹಳ್ಳಿಯಂಥ ಕೆಲವು ನಿಲ್ದಾಣಗಳ ಹೆಸರು ಅಳಿಸಿರಬೇಕು. ಬೆನ್ನಿಗೆ ಬೆನ್ನು ಕೊಟ್ಟು ಕೂತ ಇಬ್ಬರಲ್ಲಿ ಒಬ್ಬಳು 'ವಾಟ್ ಕಮ್ಸ್ ಆಫ್ಟರ್ ವಿಜಯನಗರ?' ಎನ್ನದೆ ಅವಳ ಚಿತ್ರ ತುಂಬದು. ಅಂಥ ಪ್ರಶ್ನೆ ಆರು ಸಲ ಬಾಯಿಗೆ ಬಂದರೂ ಬೇಸರವಾಗದು. ಅದೇ ವಾಕ್ಯವನ್ನು ಆರು ಸಲ ಕಾಪಿ ಬರೆಸಿದರೆ ಕೈ ನೋಯುತ್ತದೆ, ಅಷ್ಟೆ.

ತೀರ ಪುಟ್ಟವರಿಗೆ ಮಾತಿಗೆ ಮೊದಲು ಕಿವಿ ಪಳಗಬೇಕು. 'ಸ್ಟ್ಯಾಂಡ್ ಅಪ್', 'ಟಚ್ ಯುವರ್ ನೋಸ್' ಎಂಬ ಆಜ್ಞೆಯ ಆಟಗಳು ಅದಕ್ಕೆ ಹೊಂದುತ್ತವೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ಮೊದಲಾದ 'ನಲಿ-ಕಲಿ' ಕಲಿಕಾ ಪದ್ಧತಿ ಕಾರ್ಡು, ಹಾಡು, ಆಟಗಳನ್ನು ಸರ್ಕಾರಿ ಶಾಲೆಗೆ ತಂದಿತ್ತು. ಸರ್ಕಾರಿ ಶಾಲೆಯ ಟೀಚರ್‌ಗಳಿಗೆ ಈ ಬಗೆ ಹೊಸದಲ್ಲ.

ಎಚ್ಚರ ಬೇಕಾದ್ದು ಸೋತವರನ್ನು ಹೊರಗೆ ಕೂರಿಸುವ ಆಟಗಳಲ್ಲಿ. ಅಲ್ಲಿ ಮೊದಲು ಔಟಾಗುವುದು ಅಭ್ಯಾಸ ಹೆಚ್ಚು ಬೇಕಾದ ಮಗುವೇ. ಅಂಕ ಇಡುವುದಾದರೆ ಜೋಡಿಗೆ ಇಡುವುದು ಲೇಸು. ನಿಯಮಗಳನ್ನು ಕನ್ನಡದಲ್ಲೇ ಹೇಳಿದರೆ ಸಮಯ ಉಳಿಯುತ್ತದೆ. ಆಟದ ನಡುವೆ ತಡೆದು ತಿದ್ದಿದರೆ ಮಗು ಬಾಯಿ ಮುಚ್ಚಿಕೊಳ್ಳುತ್ತದೆ. ಕಿವಿಗೆ ಬಿದ್ದ ತಪ್ಪುಗಳನ್ನು ಟೀಚರ್ ಗುರುತು ಹಾಕಿಕೊಂಡು, ಆಟ ಮುಗಿದ ಮೇಲೆ ಯಾರ ಹೆಸರನ್ನೂ ಹೇಳದೆ ಬೋರ್ಡಿನ ಮೇಲೆ ಎಲ್ಲರಿಂದಲೂ ತಿದ್ದಿಸಬಹುದು.